ಅಪ್ಪನ ಗಂಟು

ದಾವಣಗೆರೆಯ ನೋಂದಣಿ ಕಚೇರಿಯ ಹೊರಗೆ
ಹೊಂಗೆ ಮರದ ಬುಡದಲ್ಲಿ ಪತ್ರ ಬರೆಯುವವನು
ಹಕ್ಕು ಬಿಡುಗಡೆಯ ನಾಲ್ಕನೇ ಪುಟ ನನ್ನತ್ತ ತಳ್ಳಿ
ಎಲೆಯಡಿಕೆ ಒಂದು ದವಡೆಗೆ ಸರಿಸಿ ಅಂದ:
"ಹಾಕ್ರಿ ಅಕ್ಕಾರೆ ಸಹಿ,
ನಿಮ್ಮಪ್ಪನ ಗಂಟೇನು ಹೋಗ್ತೈತಿ?"

ನಗು ಬಂತು. ಸೆರಗು ಅಡ್ಡ ಹಿಡಿದೆ.
ಪಕ್ಕದಲ್ಲಿದ್ದ ಅಣ್ಣ ಮೋರೇಶ ನಗಲಿಲ್ಲ,
ಅಳತೆ ಕೊಡುವ ಗಿರಾಕಿಯ ಹಾಗೆ ನೆಟ್ಟಗೆ ನಿಂತಿದ್ದ.
ಅವನು ಯಾವಾಗಲೂ ನೆಟ್ಟಗೇ.

ಅಪ್ಪನ ಗಂಟು ಎಲ್ಲೆಲ್ಲಿದೆ ನನಗೆ ಗೊತ್ತು.
ಎಡ ಮಣಿಕಟ್ಟಿನ ಮೇಲೊಂದು, ಹುಣಸೆಬೀಜದಷ್ಟು.
ಮಂಡಿಯ ಒಳಬದಿಗೆ ಜೋಡಿ.
ಬೆನ್ನಿನ ರೆಕ್ಕೆಯ ಮೇಲೆ, ಚೀಲದ ಪಟ್ಟಿ ಉಜ್ಜುವಲ್ಲಿ, ಇನ್ನೊಂದು.
ಪಕ್ಕೆಯದು ಮಗ್ಗುಲಾದಾಗ ಮಾತ್ರ ಮಾತಾಡಿಸುತ್ತದೆ.
ಒಟ್ಟು ಹನ್ನೊಂದು.
ಅಪ್ಪನಿಗೆ ಹದಿನಾಲ್ಕಿದ್ದವು.

ಮೊದಲು ಕಂಡವಳು ಅವ್ವ, ತಲೆಗೆ ನೀರು ಹಾಕುವಾಗ.
ಎಲ್ಲಿ ಬಿದ್ದೆಯೇ ಎಂದಳು. ನಾನು ಬಿದ್ದಿರಲಿಲ್ಲ.
ಬೇವಿನೆಣ್ಣೆ, ಸುಣ್ಣ ಬೆಲ್ಲದ ಪಟ್ಟು, ತಾಯಿತ,
ಎಲ್ಲ ಸೋತ ಮೇಲೆ ಒಂದು ಮಧ್ಯಾಹ್ನ
ಅಂಗಡಿಯಲ್ಲಿ ಯಾರೂ ಇಲ್ಲದಾಗ
ಅಪ್ಪ ಪಂಚೆ ಮೇಲೆತ್ತಿ ತನ್ನ ಮಂಡಿ ತೋರಿಸಿದ.
ಮುಟ್ಟು ಅಂದ. ಮುಟ್ಟಿದೆ.
ನನ್ನದೇ ಕಲ್ಲು,
ನನಗಿಂತ ಮೊದಲೇ ದೊಡ್ಡದಾದದ್ದು.

ಎಕ್ಸ್‌ರೇ ಬೆಳಕಿಗೆ ಹಿಡಿದು ಡಾಕ್ಟರು
ಇದು ಕ್ಯಾನ್ಸರ್ ಅಲ್ಲ ಎಂದರು. ಆಗ ಅಪ್ಪ ಕುರ್ಚಿಗೆ ಕೂತ.
ಮೂಳೆ ಬೆಳೆಯುವ ತುದಿಯಲ್ಲಿ ದಾರಿ ತಪ್ಪಿದ ಮೂಳೆ,
ಅದರ ನೆತ್ತಿಗೊಂದು ಮೆದುವೆಲುಬಿನ ಟೋಪಿ;
ಹುಡುಗಿ ಬೆಳೆಯುವಷ್ಟು ದಿನ ಅದೂ ಬೆಳೆಯುತ್ತದೆ,
ಇವಳು ನಿಂತರೆ ಅದೂ ನಿಲ್ಲುತ್ತದೆ.
ಮುಂಗೈಯಲ್ಲಿ ಎರಡೆಲುಬು ನೋಡಿ,
ಒಂದು ಹಿಂದೆ ಬಿದ್ದರೆ ಇನ್ನೊಂದು
ಬಿಟ್ಟು ಹೋಗಲಾರದೆ ಬಾಗುತ್ತದೆ.
"ಯಾರ ಕಡೆಯಿಂದ ಬಂದದ್ದು?"
ಹಾಜರಿ ಕೂಗಿದಾಗ ಎತ್ತುವಂತೆ
ಅಪ್ಪ ಕೈ ಎತ್ತಿದ.

ಆ ರಾತ್ರಿ ಚೌಕಿಪೇಟೆಯ ಅಂಬಾಭವಾನಿ ಟೈಲರ್ಸ್‌ನಲ್ಲಿ
ನನ್ನ ಎರಡೂ ತೋಳು ಅಳೆದ.
ಬಲ ಹತ್ತೊಂಬತ್ತು. ಎಡ ಹದಿನೇಳೂವರೆ.
ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ.
ಅಂದಿನಿಂದ ನನ್ನದು ಗುಂಡಿಯ ತುಂಬುತೋಳು,
ಎರಡೂ ಕಫು ಸರಿಯಾಗಿ ಅಂಗೈಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದವು.
ಶಾಲೆಯಲ್ಲಿ ಯಾರಿಗೂ ತಿಳಿಯಲಿಲ್ಲ.
ಬಳೆ ಮಾತ್ರ ಮೋಸಹೋಗಲಿಲ್ಲ.
ಮುಂದೆ ಹೆಣ್ಣು ನೋಡಬಂದ ಹೆಂಗಸರೂ ಅಷ್ಟೆ:
ಹನ್ನೊಂದು ಗಂಟಿನವಳಿಗೆ
ಆ ಮೂರು ಗಂಟು ಕೂಡಿಬರಲಿಲ್ಲ.
ಅತ್ತದ್ದು ಒಂದೇ ಸಲ, ಅದೂ ಕಾಜಾ ಹೊಲಿಯುತ್ತ.

ಅಣ್ಣನಿಗೆ ಮೂರು ಮಕ್ಕಳು.
ಎಣ್ಣೆ ಹಚ್ಚುವ ನೆಪದಲ್ಲಿ, ವರ್ಷವರ್ಷವೂ,
ಮೂವರ ಮಂಡಿ ಮಣಿಕಟ್ಟು ಸವರಿ ನೋಡಿದ್ದೇನೆ.
ನುಣುಪು.
ಹಾಗಾಗಿ ಅಂಗಡಿ ಅವರಿಗಿರಲಿ.

ಒಳಗೆ ಕರೆದರು. ಗಾಜಿನ ಮೇಲೆ ಎಡ ಹೆಬ್ಬೆಟ್ಟು ಇಡಬೇಕು.
ನನ್ನ ಮುಂಗೈ ಅಷ್ಟು ಮಗುಚುವುದಿಲ್ಲ.
"ಕೈ ಸರಿಯಾಗಿ ತಿರುಗ್ಸಮ್ಮ" ಅಂದ ಕಂಪ್ಯೂಟರಿನ ಹುಡುಗ.
ಮೊಣಕೈ ಎತ್ತಿ, ಭುಜ ತಿರುಚಿ, ಇಡೀ ಮೈ ಓರೆ ಮಾಡಿ
ಬೆರಳನ್ನು ಗಾಜಿಗೆ ಒಪ್ಪಿಸಿದೆ.
ಹಿಂದೆ ಸಾಲಿನಲ್ಲಿದ್ದವರು
ನಾನು ಕೊಡಲಾರದೆ ಕೊಡುತ್ತಿದ್ದೇನೆ ಎಂದುಕೊಂಡಿರಬೇಕು.
ಹಸಿರು ದೀಪ ಹತ್ತಿತು.
ಅಂಗಡಿ, ಹಿಂದಿನ ಎರಡು ಕೋಣೆ, ಮೆಷೀನು, ಎಲ್ಲ ಹೋಯಿತು.
ಅಪ್ಪನ ಗಂಟು ಹೋಗಲಿಲ್ಲ.

ಸಂಜೆ ಅಂಗಡಿ ಗುಡಿಸುವಾಗ
ಮೊಳೆಗೆ ಸಿಕ್ಕಿಸಿದ ಖಾಕಿ ಕಾಗದದ ಕಟ್ಟು ಬಿಚ್ಚಿ
ಅಣ್ಣ ಎರಡು ತೋಳಿನ ನಮೂನೆ ಬಲ್ಬಿಗೆ ಹಿಡಿದ,
ಥೇಟ್ ಆ ಡಾಕ್ಟರರ ಹಾಗೆ.
ಒಂದು ಉದ್ದ. ಒಂದು ಮೋಟು.
"ನೋಡೇ, ಅಪ್ಪನೂ ಕಟಿಂಗ್ ತಪ್ಪಿದಾನೆ"
ಎಂದು ಮುದುಡತೊಡಗಿದ.

ಕೊಡು ಇಲ್ಲಿ, ಅಂದೆ.
ಎಡಗೈ ಚಾಚಿದೆ.