ಮಂಜುದೀಪದ ಪಾಠ

ಕ್ಲಚ್ ಮೇಲಿನ ಕಾಲು ತೆಗೆ ಎರ್ಮೆಸ್, ಅದು ಊರುಗೋಲಲ್ಲ.
ಕೊಡಿಗೊರೊ ದಾಟಿದೆವು. ಎಡಕ್ಕೆ ಕಾಲುವೆ ಇದೆ
ಅಂದುಕೋ. ಕಾಣುವುದಿಲ್ಲ. ನಾನು ಹುಟ್ಟಿದಾಗಿನಿಂದ
ಅಲ್ಲೇ ಇದೆ, ಅಷ್ಟು ನಂಬಿದರೆ ಸಾಕು.

ನವೆಂಬರ್, ಸಂಜೆ ಐದೂವರೆ.
ಮೊದಲು ಹಾಲಿಗೆ ನೀರು ಬೆರೆಸಿದ ಹಾಗಿತ್ತು,
ಈಗ ನೀರು ಯಾವುದು ಹಾಲು ಯಾವುದು, ಕಾವಳವೇ ಎಲ್ಲ.
ಹೈ ಬೀಮ್ ಹಾಕಲು ಕೈ ತುರಿಸುತ್ತಿದೆ ನಿನಗೆ, ಗೊತ್ತು.
ಹಾಕು. ಒಂದೇ ಒಂದು ಸಲ.

ಕಂಡಿತೇ? ಗೋಡೆ.
ನಿನ್ನದೇ ಬೆಳಕು ತಿರುಗಿ ಬಂದು
ನಿನ್ನ ಕೆನ್ನೆಗೇ ಬಾರಿಸಿತು.
ಇಳಿಸು.

ಈಗ ಈ ಗುಂಡಿ. ನಾನೇ ಒತ್ತುತ್ತೇನೆ, ನೀನು ರಸ್ತೆ ನೋಡು.
ಬಂಪರಿನ ಅಡಿಯಲ್ಲಿ, ಮೊಣಕಾಲಿನಷ್ಟೇ ಎತ್ತರದಲ್ಲಿ
ಕುಕ್ಕರಗಾಲಲ್ಲಿ ಕೂತ ಎರಡು ದೀಪ.
ದೂರ ನೋಡುವ ಹಂಬಲವಿಲ್ಲ ಅವಕ್ಕೆ.
ಹಿಟ್ಟು ಲಟ್ಟಿಸಿದ ಹಾಗೆ ತೆಳ್ಳಗೆ ಅಗಲಕ್ಕೆ ಹರಡಿ
ಅಂಚಿನ ಬಿಳಿಗೆರೆ, ಅದರಾಚೆಯ ಒದ್ದೆ ಹುಲ್ಲು,
ಯಾರೋ ಎಸೆದ ಸಿಗರೇಟು ಪೊಟ್ಟಣ ತೋರಿಸುತ್ತವೆ.
ಅಷ್ಟೇ.
ಅಷ್ಟರಲ್ಲೇ ಮನೆ ಮುಟ್ಟಿದವರಿದ್ದಾರೆ, ಗೆರೆ ಹಿಡಿದು,
ಅಜ್ಜಿಯ ಸೆರಗು ಹಿಡಿದ ಹಾಗೆ.

ನನ್ನಪ್ಪ ಕೊಮಾಕ್ಕಿಯೊದ ಜೌಗಿನಲ್ಲಿ
ಹಾವುಮೀನು ಹಿಡಿಯುತ್ತಿದ್ದ. ರಾತ್ರಿ ಬದುವಿನ ಮೇಲೆ
ಲಾಟೀನು ಹಿಡಿದು ಮುಂದೆ ನಡೆಯುವ ಕೆಲಸ ನನ್ನದು.
ಎದುರಿಗೆ ಯಾರಾದರೂ ಬಂದರೆ ಎತ್ತಿ ಹಿಡಿಯುತ್ತಿದ್ದೆ,
ಮೂಗು ಮೀಸೆ ನೋಡುವ ಚಪಲ.
ಹಿಂದಿನಿಂದ ತಲೆಗೊಂದು ಮೊಟಕು:
'ನೀವೆಸ್, ದೀಪ ಕಾಲಿಗೆ ಹಿಡಿ.
ಮುಖಕ್ಕೆ ಹಿಡಿಯುವವರು ಪೊಲೀಸರು.'
ನಿನ್ನ ಪುಸ್ತಕದಲ್ಲಿ ಈ ವಿಷಯಕ್ಕೆ ಆರು ಪುಟ.
ಓದು, ಪರೀಕ್ಷೆಗೆ ಬೇಕು.
ನನಗೆ ಆ ಮೊಟಕು ಸಾಕಾಯಿತು.

ಆದರೆ ನಮ್ಮ ಔಷಧದಂಗಡಿ ಗ್ವಾಲ್ತಿಯೆರೊ ಇದ್ದಾನಲ್ಲ,
ಜುಲೈ ತಿಂಗಳು, ಆಕಾಶದಲ್ಲಿ ಎಳೆ ಮೋಡವಿಲ್ಲ,
ನಾಲ್ಕೂ ದೀಪ ಉರಿಸಿಕೊಂಡು ಐಸ್‌ಕ್ರೀಂ ತರಲು ಹೋಗುತ್ತಾನೆ!
ಹೊಸ ಕಾರು. ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುವ ಪೈಕಿ.
ಮಳೆ ನಿಂತ ಮೇಲಂತೂ ಕೇಳಬೇಡ, ಟಾರು ಕನ್ನಡಿ,
ತಲೆ ತಗ್ಗಿಸಿದ ದೀಪವೂ ಅಲ್ಲಿ ಬಿದ್ದು
ಎದುರಿನವರ ಕಣ್ಣಿಗೇ ಎದ್ದು ಬರುತ್ತದೆ.
ಕಳೆದ ಬುಧವಾರ ತಂಗಿಯ ಮನೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದೆ.
ಅವನು ಬಂದ. ನಾನು ಇಳಿದು ಹಳ್ಳದಲ್ಲಿ ನಿಂತೆ,
ಕಣ್ಣು ಮುಚ್ಚಿ, ಅವನ ವಂಶವನ್ನು ನೆನೆಯುತ್ತ.
ಹಾಯ್ದು ಹೋಗುವಾಗ ಹಾರ್ನ್ ಹೊಡೆದು ನಮಸ್ಕಾರ ಬೇರೆ!

ಹಿಂದಿನ ಕೆಂಪು ದೀಪದ ಮಾತೂ ಅದೇ.
ಹಿಂದೆ ಒಬ್ಬರು ಬಂದು ಸೇರಿಕೊಂಡರೆ ಆರಿಸು.
ನೀನು ಇರುವುದು ಅವರಿಗೆ ತಿಳಿಯಿತು,
ಇನ್ನೂ ಕೂಗುತ್ತಲೇ ಇರಬೇಡ.

ಏ, ನೋಡು ಈ ಲಾರಿಯವನನ್ನು!
ಎರಡು ಸಲ ಮಿನುಗಿಸಿದ. ಏನಂತೆ ಅವನಿಗೆ?
ನಿನ್ನ ವೇಗ ಸರಿಯಿದೆ, ಗೆರೆಯೊಳಗೇ ಇದ್ದೀಯ,
ಕಲಿಯುವವರ ಫಲಕ ಕಂಡರೆ ಸಾಕು,
ಎಲ್ಲರಿಗೂ ಮೇಷ್ಟ್ರಾಗುವ ಆಸೆ.
ಮೂರನೇ ಸಲ! ನಾಚಿಕೆಯಾಗಬೇಕು.

'ಸಿನ್ಯೋರಾ.'

ಏನು?

'ಮಂಜು ಹೋಗಿದೆ.'

ಹೌದಲ್ಲ.
ಗಾಜಿನಾಚೆ ಬೀಟ್‌ರೂಟ್ ಗದ್ದೆ, ಅದರ ಕೊನೆಯಲ್ಲಿ ಕಣಜದ ಗೋಪುರ,
ಅದರ ನೆತ್ತಿಗೆ ತಾಗಿಕೊಂಡೇ ಒಂದು ಚುಕ್ಕಿ.
ಯಾವಾಗ?

'ಮಸ್ಸಾ ಫಿಸ್ಕಾಲ್ಯಾ ದಾಟುವಾಗಲೇ.
ನೀವು ಅಪ್ಪನ ಕಥೆ ಹೇಳುತ್ತಿದ್ದಿರಿ.'

ಕಾವಳ ಬರುವಾಗ ಊರಿಗೆಲ್ಲ ಗೊತ್ತಾಗುತ್ತದೆ.
ಹೋಗುವಾಗ ಯಾರಿಗೂ ಹೇಳಿ ಹೋಗುವುದಿಲ್ಲ.

ಹುಡುಗ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.
ಬೆರಳನ್ನು ಗುಂಡಿಯ ಮೇಲಿಟ್ಟು
ನನ್ನ ಅಪ್ಪಣೆಗೆ ಕಾಯುತ್ತಿದ್ದ.
ಆರಿಸು, ಅಂದೆ.
ಟಿಕ್.

ಕನ್ನಡಿಯಲ್ಲಿ ಆ ಲಾರಿಯ ಹಿಂದೀಪಗಳು
ಎರಡು ಕೆಂಪು ಮಣಿಯಾಗಿದ್ದವು.
ಅವನಿಗೆ ಕಾಣದೆಂದು ಗೊತ್ತಿದ್ದೂ
ಕೈ ಎತ್ತಿದೆ, ಕತ್ತಲಲ್ಲಿ, ಕಾರಿನ ಸೂರಿಗೆ ತಾಗುವಷ್ಟು.

ಮಿಲ್ಯಾರಿನೊ ಇನ್ನು ಆರು ಕಿಲೋಮೀಟರು.
ಓಡಿಸು ಎರ್ಮೆಸ್.
ನಾನು ಮಾತಾಡುವುದಿಲ್ಲ.