ಒಂಬತ್ತನೇ ಕಲಮು

ಡುಲೂತಿನ ಇಳಿಜಾರು ಬೀದಿ, ಕ್ಷೌರದಂಗಡಿಯ ಮೇಲಂತಸ್ತು,
ಬಾಗಿಲ ಮೇಲೆ ವಕೀಲೆ ಕೊರಿನ್ ತಿಬೋಡೊ ಎಂಬ ಹಲಗೆ.
ನನ್ನ ಕೆಲಸ ಕಾಫಿ ಕಾಸುವುದು, ಕಡತ ಜೋಡಿಸುವುದು,
ಪರರ ಉಯಿಲಿಗೆ ಸಾಕ್ಷಿ ಹಾಕುವುದು.
ಇಪ್ಪತ್ತಾರು ವರ್ಷ.
ಎಷ್ಟೋ ಜನರ ಕೊನೆಯ ಮಾತಿನ ಕೆಳಗೆ ನನ್ನ ಹೆಸರಿದೆ,
ಅವರ ಮಕ್ಕಳಿಗೆ ನನ್ನ ಮುಖ ಗೊತ್ತಿಲ್ಲ.

ಎರಡನೇ ಸಾಕ್ಷಿ ಕೆಳಗಿನ ಪ್ರಪೋಟ್ನಿಕ್. ಕರೆದರೆ
ಅರ್ಧ ಕ್ಷೌರ ನಿಲ್ಲಿಸಿ ಬರುತ್ತಾನೆ,
ತೋಳಿನ ಮೇಲೆ ಯಾರದೋ ಬಿಳಿಕೂದಲು.

ಇವತ್ತು ಸೈಮಾ ಕಂಗಾಸ್. ಎಂಬತ್ತೇಳು.
ಅದಿರಿನ ಧಕ್ಕೆಯಲ್ಲಿ ದುಡಿದು ಸತ್ತ ಗಂಡನ ಗಂಟು,
ಶಾಲೆಯ ಅಡುಗೆಮನೆಯಲ್ಲಿ ತಾನು ಬೇಯಿಸಿದ ಮೂವತ್ತು ವರ್ಷ,
ಎರಡನ್ನೂ ಸೇರಿಸಿ ಕೊಟ್ಟದ್ದು ರಾಡ್ನಿ ಹಾಲ್ವರ್ಸನ್ ಕೈಗೆ.
ವರ್ಷಕ್ಕೆ ಒಂಬತ್ತು ಪರ್ಸೆಂಟು, ಖಾತ್ರಿ.
ಬಾಂಡಿನ ನೆತ್ತಿಗೆ ದೀಪಸ್ತಂಭದ ಚಿತ್ರ.
ಬೆಣ್ಣೆಯೊಳಗಿನ ಕೂದಲು ತೆಗೆದಷ್ಟು ನಯವಾಗಿ ತೆಗೆದ.
ಮೊದಲ ಆರು ತಿಂಗಳು ಬಡ್ಡಿ ಬಂತು.
ಅದು ಬಡ್ಡಿಯಲ್ಲ, ನಿಮ್ಮದೇ ಅಸಲು ಎಂದು
ತಿಬೋಡೊ ಪೆನ್ಸಿಲ್ ಗೆರೆ ಎಳೆದು ತೋರಿಸಿದ ದಿನ
ಆಕೆ ಅಂದದ್ದು ಇಷ್ಟೇ:
"ನನ್ನ ಸಾರನ್ನೇ ನನಗೆ ಬಡಿಸಿದ. ಅದೂ ಚಮಚದಲ್ಲಿ."

ದೂರು ಕೊಟ್ಟಾಗಿದೆ. ಮೂರು ಜನರ ಮಧ್ಯಸ್ಥಿಕೆ ಪೀಠ,
ಮೇ ತಿಂಗಳಲ್ಲಿ ವಿಚಾರಣೆ, ಬಂದರೆ ಡಾಲರಿಗೆ ಕಾಲು ಡಾಲರು.
ಸೈಮಾಗೆ ಮೇ ತಿಂಗಳ ಮೇಲೆ ಭರವಸೆಯಿಲ್ಲ.
ಈ ಊರಲ್ಲಿ ಎಷ್ಟೋ ವರ್ಷ ಮೇ ಬಂದರೂ
ಸರೋವರದ ಮಂಜುಗಡ್ಡೆ ಕದಲುವುದಿಲ್ಲ.
ಅದಕ್ಕೇ ಉಯಿಲು, ಈಗಲೇ.

ಕೇಳಲೇಬೇಕಾದ ಪ್ರಶ್ನೆಗಳಿವೆ. ಚಿತ್ತ ಸ್ವಸ್ಥವೇ?
ಇವತ್ತು ಯಾವ ವಾರ?
ಮಂಗಳವಾರ. ಕಸದ ಲಾರಿ ಬಂದಿತ್ತು.
ನಿಮ್ಮ ಆಸ್ತಿ?
ಮನೆ ಒಂದು. ಹಿತ್ತಿಲಲ್ಲಿ ಸೌನಾ. ಹನ್ನೊಂದು ಕೌದಿ.
ಸ್ವಲ್ಪ ತಡೆದು,
"ಹೋದ ಹಣವೂ ನನ್ನದೇ ತಾನೆ? ಅದನ್ನೂ ಬರೆ."

ಬರೆದೆವು. ಹೋದ ಹಣ ತಂಗಿಯ ಮೊಮ್ಮಗಳು ಇಲೋನಾಗೆ.
ಬಂದರೆ ಬಂದಷ್ಟು.
"ಬಾರದಿದ್ದರೆ ನನ್ನ ಸಿಟ್ಟು," ಎಂದಳು.
ಅದನ್ನು ಬರೆಯಲಿಲ್ಲ.

"ಇನ್ನೊಂದಿದೆ. ಗ್ಯಾರೇಜಿನ ಹಿಮದ ಸಲಿಕೆ, ರಾಡ್ನಿಗೆ."

ತಿಬೋಡೊ ಪೆನ್ನು ಕೆಳಗಿಟ್ಟಳು.
ಈ ಸಾಲು ಪೀಠದ ಕಣ್ಣಿಗೆ ಬಿದ್ದರೆ
ಕ್ಷಮಿಸಿದ್ದಾಳೆ ಎನ್ನುತ್ತಾರೆ, ಇಲ್ಲವೇ ಅರಳುಮರಳು ಎನ್ನುತ್ತಾರೆ,
ಎರಡರಲ್ಲೂ ನಮಗೇ ಲುಕ್ಸಾನು.

ಸೈಮಾ ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡಳು.
"ಏಳು ಚಳಿಗಾಲ. ಕತ್ತಲಿರುವಾಗಲೇ ಬಂದು
ನನ್ನ ಮೆಟ್ಟಿಲ ಹಿಮ ಎತ್ತಿದ. ಆ ಕೆರೆತಕ್ಕೇ ನನಗೆ ಎಚ್ಚರ.
ಮೊದಮೊದಲು ಕಾಫಿಗೂ ಒಳಗೆ ಬರುತ್ತಿರಲಿಲ್ಲ.
ಅದೂ ಮೋಸವೇ ಇದ್ದೀತು.
ಹಿಮ ಹೋದದ್ದು ಮಾತ್ರ ನಿಜ.
ನಾನು ಒಂದು ಸಲವೂ ಜಾರಿ ಬೀಳಲಿಲ್ಲ.
ಅವನನ್ನು ಜೈಲಿಗೆ ಹಾಕಿ. ಸಲಿಕೆ ಅವನದು."

ಪ್ರಪೋಟ್ನಿಕ್ ತೋಳು ಕೊಡವಿಕೊಂಡ.
ಹೀಟರು ಟಿಕ್ಕೆಂದು ಆರಿ, ಮತ್ತೆ ಹೊತ್ತಿತು.

ತಿಬೋಡೊ ಕೊನೆಗೆ ಟೈಪು ಮಾಡಿದಳು:
ಒಂಬತ್ತನೇ ಕಲಮು. ಒಂದು ಸಲಿಕೆ.

"ಹಿಡಿಕೆ ಸಡಿಲವಿದೆ," ಎಂದಳು ಸೈಮಾ, ಕನ್ನಡಕ ಏರಿಸಿ.
"ಅದನ್ನೂ ಸೇರಿಸು.
ಮುಚ್ಚಿಟ್ಟು ಕೊಟ್ಟಳು ಅಂತ
ಅವನು ನನ್ನನ್ನು ಅನ್ನಬಾರದು."

ಸೇರಿಸಿದೆವು. ಆಕೆ ಸಹಿ ಹಾಕಿದಳು, ಪ್ರಪೋಟ್ನಿಕ್ ಹಾಕಿದ.
ಚಿತ್ತ ಸ್ವಸ್ಥವಿದೆ, ಯಾರ ಒತ್ತಡವೂ ಇಲ್ಲ ಎಂಬ ಅಚ್ಚಿನ ಸಾಲನ್ನು
ಇಷ್ಟು ವರ್ಷಗಳಲ್ಲಿ ಮೊದಲ ಸಲ ಪೂರ್ತಿ ಓದಿ
ನಾನೂ ಹಾಕಿದೆ.

ಹೊರಗೆ ಹಿಮ ಶುರುವಾಗಿತ್ತು.
ನಮ್ಮ ಮೆಟ್ಟಿಲನ್ನು ಬೆಳಗಿನಿಂದ ಯಾರೂ ಎತ್ತಿರಲಿಲ್ಲ.
ಪ್ರಪೋಟ್ನಿಕ್ ತೋಳು ನೀಡಿದ.
ಆಕೆ ಅವನ ಮುಖವನ್ನು
ಒಂದು ಗಳಿಗೆ ನೋಡಿದಳು,
ಆಮೇಲೆ ಹಿಡಿದಳು.