ಕರೆದ ಹೆಸರು

ಆಡುಗೋಡಿ ಕ್ವಾರ್ಟರ್ಸ್ ಖಾಲಿ ಮಾಡಲು
ಇಲಾಖೆ ಕೊಟ್ಟ ಗಡುವಿನ ಕೊನೆಯ ದಿನ,
ಟ್ರಂಕಿನ ತಳದಲ್ಲಿ, ಬೂಟು ಪಾಲಿಶಿನ ಡಬ್ಬಿಯಡಿ
ಸಿಕ್ಕಿತು ಅಪ್ಪನ ಜೇಬು ಪುಸ್ತಕ.
ಮಾಮೂಲಿನ ಲೆಕ್ಕವಿದ್ದೀತೆಂದು ಹೆದರಿಯೇ ತೆರೆದೆ.
ಇದ್ದದ್ದು ಬೈಗುಳ.

ಅಲ್ಲ, ಪೂರಾ ಬೈಗುಳವೂ ಅಲ್ಲ.
ಮೂವತ್ತೊಂದು ವರ್ಷ ಈ ಊರು ತನ್ನನ್ನು
ಏನೇನು ಅಂತ ಕೂಗಿತೋ ಅದನ್ನೆಲ್ಲ
ಪಿ.ಸಿ. ೪೧೨೭ ಪಿಳ್ಳಂಜಿನಪ್ಪ
ಮಹಜರು ಬರೆದ ಹಾಗೆ ಬರೆದಿಟ್ಟಿದ್ದ:
ಸ್ಥಳ, ಸಮಯ, ಕೂಗಿದವರ ಅಂದಾಜು ವಯಸ್ಸು,
ಕೊನೆಗೊಂದು ಕಲಮು, 'ಮೂಲ'.

ಪೇದೆ. ಮೂಲ ಪಾರಸಿಯಂತೆ, ಕೋರ್ಟಿನ ಮುನ್ಷಿ ಹೇಳಿದ್ದು,
ಕಾಲ್ನಡಿಗೆಯವನು ಎಂದರ್ಥ.
ಪಕ್ಕದಲ್ಲಿ ಅಪ್ಪನ ಷರಾ:
'ಸರಿಯಿದೆ. ಸೈಕಲ್ಲು ಇನ್ನೂ ಮಂಜೂರಾಗಿಲ್ಲ.'

ಖಾಕಿ. ಧೂಳು ಅನ್ನುವ ಮಾತಿನಿಂದ ಹುಟ್ಟಿದ್ದು.
ಕಲಾಸಿಪಾಳ್ಯದ ಲಾರಿಗಳ ನಡುವೆ ಎಂಟು ತಾಸು ನಿಂತವನಿಗೆ
ಇದನ್ನು ಹೇಳಲು ಪಂಡಿತರು ಬೇಕೆ?
ಅಮ್ಮ ಬಟ್ಟೆ ಜಾಲಿಸಿದ ನೀರನ್ನು ನೋಡಿದರೆ ಸಾಕಿತ್ತು.

ಟೋಪಿ. ಅವೆನ್ಯೂ ರಸ್ತೆ, ಹಳೇ ಪುಸ್ತಕದ ಗಾಡಿಯ ಹುಡುಗ:
'ಟೋಪಿ ಬಂತು, ಎತ್ರೋ!'
ಒಂದು ಬದಿಯ ಅಂಚನ್ನು ಮೇಲಕ್ಕೆ ಮಡಚಿ ಚುಚ್ಚಿದ ಟೋಪಿ,
ಮಳೆ ಹುಯ್ದರೆ ಆ ಕಿವಿಗೆ ಸೂರಿಲ್ಲ.
ಷರಾ: 'ನಾವು ಹಾಕಿಕೊಳ್ಳುವವರು. ಹಾಕುವವರು ಬೇರೆ.
ಅವರನ್ನು ಸಾರ್ ಅನ್ನುತ್ತಾರೆ.'

ಏಟ್ಟಯ್ಯ. ಶ್ರೀರಾಮಪುರ, ಇಡ್ಲಿ ಮಾರುವ ಕುಪ್ಪಮ್ಮಾಳ್.
ತಮಿಳಿನವರು ಹೆಡ್ಡು ಕಾನ್‌ಸ್ಟೇಬಲನ್ನು ಕರೆಯುವ ಬಗೆ.
'ಸರ್ಕಾರಕ್ಕಿಂತ ಒಂಬತ್ತು ವರ್ಷ ಮುಂಚೆ
ಆಕೆ ಬಡ್ತಿ ಕೊಟ್ಟಳು. ಇಡ್ಲಿಗೆ ಕಾಸು ಕೊಟ್ಟಿದ್ದೇನೆ.'
ಕೊನೆಯ ಮಾತಿನಡಿ ಎರಡು ಗೆರೆ.
ಯಾರಿಗೆ ಹೇಳುತ್ತಿದ್ದೆ, ಅಪ್ಪ?

ಒಂದು ಪುಟದಲ್ಲಿ ಹೆಸರೇ ಇಲ್ಲ.
ಕಾಗದ ಹರಿಯುವಷ್ಟು ಗೀಚಿ ಹಾಕಿದ್ದಾನೆ.
ಸ್ಥಳ: ಲಾಕಪ್ಪು. ಸಮಯ: ರಾತ್ರಿ ಎರಡೂವರೆ.
ವಯಸ್ಸು: ಹತ್ತೊಂಬತ್ತು.
ಮೂಲ: 'ನನ್ನ ಕೈ.'
ಆ ಪುಟ ತಿರುವಿ, ಮತ್ತೆ ಹಿಂದಕ್ಕೆ ತಿರುವಿ,
ಒಂದು ಲೋಟ ನೀರು ಕುಡಿದು ಬಂದೆ.

ಆಮೇಲೆ ಮಾಮ. ಅದಕ್ಕೆ ನಾಲ್ಕು ಪುಟ.
'ಜೈಲು ಮಾವನ ಮನೆ ಅಂದಮೇಲೆ
ಬಾಗಿಲಲ್ಲಿ ನಿಂತವನು ಮಾವನೇ ತಾನೆ?'
ಇದು ಜೇಬುಗಳ್ಳ ಪುಟ್ಲಿಂಗನ ವಾದ.
ಆಟೋ ಖಾದರ್ ಸಾಬರದು ಬೇರೆ:
'ಮದುವೇಲಿ ಸೋದರಮಾವ ಮುನಿಸ್ಕೊಂಡ್ರೆ
ತಾಳಿ ಕಟ್ಟಾಕಾಗಲ್ಲ. ರೋಡಲ್ಲೂ ಅಷ್ಟೇ ಸಾರ್,
ಏನೋ ಒಂದು ಕೊಟ್ಟು ಸಮಾಧಾನ ಮಾಡ್ಬೇಕು.'
ಷರಾ ಇಲ್ಲ. ನಕ್ಕಿರಬೇಕು.

ಕೊನೆಯ ನಮೂದು ಮಿನರ್ವ ಸರ್ಕಲ್, ಸಂಜೆ ಆರೂ ಹತ್ತು.
ಒಂದೇ ಗಾಡಿ, ಮೂರು ಹುಡುಗರು, ಬರಿದಲೆ.
'ಮಾಮ!' ಅಂದ ಓಡಿಸುತ್ತಿದ್ದವನು.
ಸಿಗ್ನಲ್ಲಿಗೆ ನಿಂತವರೆಲ್ಲ ನಕ್ಕರು.
ವಯಸ್ಸು: 'ಅಂದಾಜಲ್ಲ. ಹದಿನೆಂಟು ವರ್ಷ ನಾಲ್ಕು ತಿಂಗಳು.
ತೊಟ್ಟಿಲಿಗೆ ಹಗ್ಗ ಬಿಗಿದವನು ನಾನು.'

ಗೋವರ್ಧನ. ಅತ್ತೆಯ ಮಗ.
ಯಾವ ಮಾಮನನ್ನು ಕೂಗಿದನೋ ಅವನು,
ಯಾವ ಮಾಮ ತಿರುಗಿ ನೋಡಿದನೋ,
ಅಪ್ಪ ರಸೀದಿಯಂತೂ ಹರಿದ.
ಆ ವರ್ಷ ಗೌರಿಯ ಬಾಗಿನ ಅತ್ತೆಯ ಹೊಸಿಲು ದಾಟಲಿಲ್ಲ.
ಮೊರ ತಲೆಯ ಮೇಲೆ ಹೊತ್ತು
ಬಸ್ಸಿನಲ್ಲಿ ವಾಪಸು ಬಂದವಳು ನಾನೇ, ಹನ್ನೊಂದರ ಹುಡುಗಿ;
ಕಂಡಕ್ಟರು ಲಗೇಜು ಕೇಳಿದ್ದೂ ನೆನಪಿದೆ.
ಮೂಲದ ಕಲಮಿನಲ್ಲಿ ಏನೋ ಬರೆದು
ರಬ್ಬರಿನಿಂದ ಉಜ್ಜಿದ ಗುರುತು.
ಬೆಳಕಿಗೆ ಹಿಡಿದೆ. ಓದಲಾಗಲಿಲ್ಲ.

ಕೆಳಗೆ ಟೆಂಪೊ ಹಾರನ್ನು.
ಸಾಮಾನು ಸಾಗಿಸಲು ಬಂದವನು ಗೋವರ್ಧನನೇ,
ಈಗ ಹೊಟ್ಟೆ ಬಂದಿದೆ, ಮಂಡಿ ನೋವಂತೆ.
ಟ್ರಂಕನ್ನು ಯಾರ ಕೈಗೂ ಕೊಡದೆ ತಾನೇ ಹೊತ್ತ.
ಡೈರಿ ಸರ್ಕಲ್ಲಿನ ಹತ್ತಿರ ಬೆಲ್ಟು ಎಳೆದುಕೊಳ್ಳುತ್ತ
'ಮಾಮ ನಿಂತವ್ನೆ' ಅಂದ, ತನಗೆ ತಾನೇ.
ಅಂದವನು ನನ್ನ ಕಡೆ ನೋಡಲಿಲ್ಲ.

ಚೀಲದಲ್ಲಿ ಪೆನ್ನು ಹುಡುಕಿದೆ.
ಡೈರಿ ಸರ್ಕಲ್. ಹನ್ನೊಂದೂ ಇಪ್ಪತ್ತು.
ನಲವತ್ತೊಂದು.
ಅಷ್ಟರಲ್ಲಿ ಸಿಗ್ನಲ್ ಬಿಟ್ಟಿತು,
ಹಿಂದಿನವರು ಬಯ್ಯತೊಡಗಿದರು.